ಅಣಬೆ ಮದ್ದಿಗೆ ಜಪಾನು ಕೇಳಿದ ಲೆಕ್ಕ

ಅಡಿಕೆ ಬೆಳೆಗಾರರಿಗೆ ಗ್ಯಾನೋಡರ್ಮಾ ಅಂದರೆ ಅಣಬೆ ರೋಗ, ಬುಡ ಕೊಳೆಸಿ ಮರ ಕೊಲ್ಲುವ ಪೀಡೆ. ಅದೇ ಕುಲದ ಅಣಬೆಯ ಕ್ಯಾಪ್ಸೂಲ್ ಡಬ್ಬಿ ಹಿಡಿದು ನನ್ನ ಔಷಧಿ ಅಂಗಡಿಗೆ ಬಂದು, "ಇದು ಕ್ಯಾನ್ಸರಿಗೆ ಆಗ್ತದಂತೆ, ಹೌದಾ ಭಟ್ರೇ?" ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಜಪಾನಿನ ಕಥೆ ಹೇಳುತ್ತೇನೆ.

ಅಲ್ಲಿ ಅಣಬೆ ನಿಜಕ್ಕೂ ಕ್ಯಾನ್ಸರ್ ವಾರ್ಡು ಹೊಕ್ಕಿತ್ತು. ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದಲ್ಲಿ ಗೊರೊ ಚಿಹಾರಾ ಮತ್ತು ಸಂಗಡಿಗರು ಶಿಟಾಕೆ ಅಣಬೆಯಿಂದ ಲೆಂಟಿನಾನ್ ಎಂಬ ಸಕ್ಕರೆಸರಪಳಿಯನ್ನು ಬೇರ್ಪಡಿಸಿ ಇಲಿಗಳಿಗೆ ಚುಚ್ಚಿದರು. ಗಡ್ಡೆಗಳು ಕರಗಿದ ಸುದ್ದಿ 1969ರಲ್ಲಿ ಅಚ್ಚಾಯಿತು. ಅದು ಕ್ಯಾನ್ಸರ್ ಕೋಶವನ್ನು ತಾನೇ ಕೊಲ್ಲುತ್ತಿರಲಿಲ್ಲ. ಮೈಯ ರಕ್ಷಣಾಪಡೆಯನ್ನು ಎಬ್ಬಿಸುತ್ತಿತ್ತು. ಗಮನಿಸಿ: ಸಾರು ಮಾಡಿ ಉಂಡದ್ದಲ್ಲ, ಸೂಜಿಯಲ್ಲಿ ಕೊಟ್ಟದ್ದು.

ಇನ್ನೊಂದು ಔಷಧ ಕ್ರೆಸ್ಟಿನ್. ಸತ್ತ ಮರದ ಮೇಲೆ ಬಣ್ಣದ ಪಟ್ಟೆಯ ಬೀಸಣಿಗೆಯ ಹಾಗೆ ಬೆಳೆಯುವ ಟ್ರಾಮೆಟಿಸ್ ಅಣಬೆಯಿಂದ ಕುರೆಹಾ ಎಂಬ ರಾಸಾಯನಿಕ ಕಂಪನಿ ತೆಗೆದದ್ದು. 1977ರಲ್ಲಿ ಸರ್ಕಾರ ಒಪ್ಪಿತು. ದಿನಕ್ಕೆ 3 ಗ್ರಾಂ ಪುಡಿ, ಖರ್ಚಿಗೆ ವಿಮೆ. 80ರ ದಶಕದಲ್ಲಿ ಅದು ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಕ್ಯಾನ್ಸರ್ ಔಷಧಗಳಲ್ಲೊಂದು. ಉಪಕಾರಕ್ಕಿಂತ ಅಪಕಾರ ಮಾಡದ ಗುಣವೇ ಅದನ್ನು ಓಡಿಸಿತು ಅಂತ ನನ್ನ ಗುಮಾನಿ. ವ್ಯಾಪಾರಸ್ಥನಿಗೆ ಅದು ಬೇಗ ಹೊಳೆಯುತ್ತದೆ. 1989ರಲ್ಲಿ ಸರ್ಕಾರವೇ ಮರುಪರಿಶೀಲಿಸಿ, ಕಿಮೋಥೆರಪಿ ಜೊತೆ ಮಾತ್ರ ಕೊಡಿ ಎಂದು ಕಟ್ಟು ಹಾಕಿತು.

ಹಾಗಂತ ಅದು ಬೊಗಳೆಯಲ್ಲ. ಹೊಟ್ಟೆಯ ಕ್ಯಾನ್ಸರಿಗೆ ಆಪರೇಷನ್ ಆದ 262 ಜನರ ಮೇಲೆ ನಡೆದ ಪರೀಕ್ಷೆ 1994ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬರೀ ಕಿಮೋ ಪಡೆದವರಲ್ಲಿ ಐದು ವರ್ಷ ಬದುಕಿದವರು ಶೇ. 60, ಜೊತೆಗೆ ಕ್ರೆಸ್ಟಿನ್ ಪಡೆದವರಲ್ಲಿ ಶೇ. 73. ಲೆಂಟಿನಾನಿಗೆ ಈ ಅದೃಷ್ಟ ಉಳಿಯಲಿಲ್ಲ. ಆಪರೇಷನ್ ಸಾಧ್ಯವಿಲ್ಲದ ಅಥವಾ ಮರುಕಳಿಸಿದ ಹೊಟ್ಟೆಯ ಕ್ಯಾನ್ಸರಿನ 309 ರೋಗಿಗಳಿಗೆ ಹೊಸ ಕಿಮೋ ಮಾತ್ರೆಯ ಜೊತೆ ಅದನ್ನು ಕೊಟ್ಟೂ ಕೊಡದೆಯೂ ನೋಡಿದರು. 2016ರ ವರದಿಯ ಪ್ರಕಾರ ಆಯುಸ್ಸು ಹೆಚ್ಚಲಿಲ್ಲ. ಕ್ರೆಸ್ಟಿನ್ ಕೂಡ ಈಗ ಜಪಾನಿನ ಮಾರುಕಟ್ಟೆಯಲ್ಲಿಲ್ಲ.

ಇನ್ನು ನಮ್ಮಲ್ಲಿ ಮನೆಮನೆಗೆ ಬರುವ ಗ್ಯಾನೋಡರ್ಮಾ. ಚಿಕಿತ್ಸೆಗಳ ಪುರಾವೆ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ಪರಿಶೀಲಕರು ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಇದರ ಪರೀಕ್ಷೆಗಳನ್ನು ಹುಡುಕಿದಾಗ ಸಿಕ್ಕಿದ್ದು 5 ಪರೀಕ್ಷೆ, 373 ರೋಗಿಗಳು. ಇದನ್ನೇ ಮುಖ್ಯ ಚಿಕಿತ್ಸೆ ಮಾಡಿಕೊಳ್ಳುವಷ್ಟು ಪುರಾವೆಯಿಲ್ಲ ಎಂಬುದು ಅವರ ತೀರ್ಮಾನ.

ತಿನ್ನಲೇಬೇಕು ಅನ್ನಿಸಿದರೆ ಡಬ್ಬಿಯನ್ನು ಬಚ್ಚಿಡದೆ ನಿಮ್ಮ ಕ್ಯಾನ್ಸರ್ ಡಾಕ್ಟರರ ಮುಂದಿಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಂತೂ ಕೇಳದೆ ಮುಟ್ಟಬೇಡಿ. ಅದನ್ನು ನಂಬಿ ಕಿಮೋ ಮಾತ್ರ ಬಿಡಬೇಡಿ.