ಕೋಸು, ಕಟ್ಟೆ, ಸೈಕಲ್: ಬಂಟ್ವಾಳ–ಬೆಳ್ತಂಗಡಿ–ಮೂಡುಬಿದಿರೆ ಸೀಮೆಯ ನಿಧಾನ ಸಂಚಾರದ ಚರಿತ್ರೆ

ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟದ್ದು 1800ರ ಏಪ್ರಿಲ್‌ನಲ್ಲಿ. ಅವನು ತುಳುನಾಡಿನ ಒಳಸೀಮೆಗೆ ಬರುವಾಗ 1801ರ ಫೆಬ್ರವರಿಯಾಗಿತ್ತು. ಟಿಪ್ಪು ಮಡಿದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಬ್ರಿಟಿಷರಿಗೆ ಹೊಸದಾಗಿ ಕೈಸೇರಿದ ನಾಡಿನ ಬೇಸಾಯ, ಕೈಕಸುಬು, ವ್ಯಾಪಾರಗಳನ್ನು ವಿಚಾರಿಸಿ ವರದಿ ಮಾಡಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳುಹಿಸಿದ್ದ. ಮಂಗಳೂರಿನಿಂದ ನೇತ್ರಾವತಿಯನ್ನು ಅನುಸರಿಸಿ ಬಂಟ್ವಾಳ, ಅಲ್ಲಿಂದ ಬೆಳ್ತಂಗಡಿ, ಜಮಾಲಾಬಾದಿನ ಬಂಡೆಕೋಟೆ, ಮತ್ತೆ ವೇಣೂರಿನ ಮೂಲಕ ಕಾರ್ಕಳ: ಇದು ಅವನು ಹಿಡಿದ ದಾರಿ. ಆ ಪ್ರವಾಸದ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ನಮ್ಮ ಚರಿತ್ರೆಕಾರರು ಈ ಸಂಪುಟಗಳನ್ನು ಕಂದಾಯ, ಜಾತಿ, ಬೆಳೆಗಳ ಮಾಹಿತಿಗಾಗಿ ಧಾರಾಳವಾಗಿ ಬಳಸಿಕೊಂಡಿದ್ದಾರೆ. ಅವನು ನಡೆದ ದಾರಿಯನ್ನು ದಾರಿಯಾಗಿಯೇ ಓದಿದವರು ಕಡಿಮೆ. ಪ್ರತಿದಿನದ ಬರಹವೂ ಆ ದಿನ ಕ್ರಮಿಸಿದ ದೂರದಿಂದ ಶುರುವಾಗುತ್ತದೆ. ಸಾಮಾನ್ಯವಾಗಿ ಮೂರೋ ನಾಲ್ಕೋ ಕೋಸು; ಕೋಸು ಎಂದರೆ ದಾರಿಯ ದೂರದ ಹಳೆಯ ಅಳತೆ. ಬೆಳಗ್ಗೆ ಹೊರಟು ಬಿಸಿಲೇರುವ ಮೊದಲೇ ಒಂದು ಊರು ಸೇರುವುದು, ಉಳಿದ ಹೊತ್ತಿನಲ್ಲಿ ಅಲ್ಲಿನ ರೈತರನ್ನೂ ವರ್ತಕರನ್ನೂ ಕರೆದು ಮಾತನಾಡಿಸುವುದು ಅವನ ಕ್ರಮ. ಈ ಕ್ರಮ ನಡೆಯಬೇಕಾದರೆ ಅಷ್ಟಷ್ಟು ದೂರಕ್ಕೆ ನೀರು, ನೆರಳು, ಅಂಗಡಿ, ಮಾತಿಗೆ ಸಿಗುವ ಜನ ಇರಲೇಬೇಕು. ಈ ಸೀಮೆಯಲ್ಲಿ ಅವೆಲ್ಲ ಇದ್ದವು. ಬುಕಾನನ್ನನಿಗಿಂತ ಮೂರೂವರೆ ಶತಮಾನ ಹಿಂದೆ, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿನಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋದಾಗಲೂ ದಿನಾಲೂ ಜನವಸತಿಯುಳ್ಳ ಒಂದಲ್ಲ ಒಂದು ಊರು ಸಿಗುತ್ತಿದ್ದುದನ್ನು ದಾಖಲಿಸಿದ್ದಾನೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಿನ ಈ ತ್ರಿಕೋನ ನಿಧಾನ ಸಂಚಾರದಿಂದಲೇ ರೂಪುಗೊಂಡ ನಾಡು ಎಂಬುದು ನನ್ನ ವಾದ. ಇದನ್ನು ಸುತ್ತಿ ನೋಡಲು ಇಂದು ನಮ್ಮಲ್ಲಿರುವ ಅತ್ಯಂತ ಯೋಗ್ಯವಾದ ವಾಹನ ಸೈಕಲ್. ಬಂಟ್ವಾಳದಿಂದ ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ; ಹಿಂದಿರುಗಿ ಗುರುವಾಯನಕೆರೆಯಿಂದ ವೇಣೂರಿನ ದಾರಿಯಾಗಿ ಮೂಡುಬಿದಿರೆ; ಅಲ್ಲಿಂದ ಸಿದ್ದಕಟ್ಟೆಯ ಮೂಲಕ ಮತ್ತೆ ಬಂಟ್ವಾಳ. ಒಟ್ಟು ಸುಮಾರು ನೂರು ಕಿಲೋಮೀಟರ್. ಗಟ್ಟಿ ಸವಾರನಿಗೆ ಒಂದೇ ದಿನದ ಕೆಲಸ, ಆದರೆ ನೋಡುತ್ತಾ ಹೋಗುವವನಿಗೆ ಮೂರು ದಿನವೂ ಸಾಲದು.

ಸೈಕಲ್ ಪ್ರವಾಸ ಎಂದಾಗ ಜಗತ್ತು ಮೊದಲು ನೆನೆಯುವುದು ಫ್ರಾನ್ಸಿನ ದ್ರಾಕ್ಷಿ ಸೀಮೆಗಳನ್ನು. ಅದಕ್ಕೆ ಕಾರಣಗಳಿವೆ. ಎರಡೂ ಚಕ್ರ ಹೆಚ್ಚುಕಡಿಮೆ ಸಮವಾಗಿರುವ, ಸರಪಳಿಯಿಂದ ಓಡುವ ರೋವರ್ ಸೈಕಲ್ ಇಂಗ್ಲೆಂಡಿನಲ್ಲಿ ಬಂದದ್ದು 1885ರಲ್ಲಿ, ಡನ್ಲಪ್‌ನ ಗಾಳಿ ಟೈರ್ 1888ರಲ್ಲಿ. ಅದೇ ಹೊತ್ತಿಗೆ ಸೇಂಟ್ ಎಟಿಯೆನ್ ಪಟ್ಟಣದ ಪಾಲ್ ದ ವಿವಿ ಎಂಬವನು 1887ರಲ್ಲಿ ಸೈಕಲ್ಲಿಗಾಗಿಯೇ ಪತ್ರಿಕೆ ಹೊರಡಿಸಿ, ಪಂದ್ಯದ ಹುಚ್ಚು ಬಿಟ್ಟು ಊರು ನೋಡುತ್ತಾ ತುಳಿಯುವ ಸವಾರಿಯನ್ನು ಜೀವನವಿಡೀ ಪ್ರಚಾರ ಮಾಡಿದ. 1936ರಲ್ಲಿ ಅಲ್ಲಿನ ಕಾರ್ಮಿಕರಿಗೆ ಎರಡು ವಾರಗಳ ಸಂಬಳಸಹಿತ ರಜೆ ಕಾನೂನಾಗಿ ಸಿಕ್ಕಿತು. ಕಾರ್ಖಾನೆಯ ಕೂಲಿಗಳು ಹೆಂಡತಿ ಮಕ್ಕಳೊಂದಿಗೆ ಸೈಕಲ್ ಹತ್ತಿ ಹಳ್ಳಿಗಾಡಿಗೆ ಹೊರಟರು. ಬರ್ಗಂಡಿ ಪ್ರಾಂತದಲ್ಲಿ ರೈಲು ನಿಂತುಹೋದ ಹಳಿಯ ದಾರಿಯನ್ನು 1997ರಲ್ಲಿ ಜಿವ್ರಿ ಮತ್ತು ಕ್ಲೂನಿ ಊರುಗಳ ನಡುವೆ ಸೈಕಲ್ಲಿಗೆ ಬಿಟ್ಟುಕೊಟ್ಟರು. ರೈಲು ಕಡಿದಾದ ಏರು ಹತ್ತಲಾರದು; ಹಾಗಾಗಿ ಅದರ ದಾರಿ ಸವಾರನ ಮೊಣಕಾಲಿಗೂ ಹಿತ. ಹಳೆಯ ದಾರಿಯನ್ನು ನಿಧಾನದವರಿಗೆ ಉಳಿಸಿಕೊಂಡದ್ದರಲ್ಲಿ ಫ್ರಾನ್ಸಿನ ಜಾಣತನವಿದೆ.

ನಮ್ಮ ಸೀಮೆಯ ದಾರಿಗಳನ್ನು ರೂಪಿಸಿದ್ದು ಗದ್ದೆ ಮತ್ತು ಹೊಳೆ. ತುಳುನಾಡಿನ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆ. ತಗ್ಗಿನ ಬೈಲಿನಲ್ಲಿ ನೀರಿನ ಆಸರೆಯಿಂದ ಮೂರು ಬೆಳೆಯವರೆಗೂ ತೆಗೆಯಬಹುದು, ನಡುವಿನ ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು. ಬುಕಾನನ್ ಕೂಡ ಈ ವಿಂಗಡಣೆಯನ್ನು ಗುರುತಿಸಿದ್ದಾನೆ. ಬೈಲಿನ ಮಧ್ಯೆ ರಸ್ತೆ ಮಾಡಿದರೆ ಅನ್ನದ ನೆಲ ಹೋಗುತ್ತದೆ, ಪಾದೆಯ ನೆತ್ತಿಯಲ್ಲಿ ಮಾಡಿದರೆ ನೀರಿಲ್ಲ. ಆದ್ದರಿಂದ ಹಳೆಯ ದಾರಿಗಳು ಬೈಲಿನ ಅಂಚು ಹಿಡಿದು, ಗುಡ್ಡದ ಬುಡದ ತೋಟಗಳ ಪಕ್ಕದಲ್ಲಿ ಬಳಸಿ ಬಳಸಿ ಸಾಗುತ್ತವೆ. ಗದ್ದೆಯ ಬದುವಾದ ಕಟ್ಟಪುಣಿಯ ಮೇಲೆ ನಡೆದು, ತೋಡಿಗೆ ಅಡ್ಡಲಾಗಿ ಹಾಕಿದ ಅಡಕೆ ಮರದ ಕಾಲುಸಂಕ ದಾಟಿದರೆ ಇನ್ನೊಂದು ಮನೆಯ ಅಂಗಳ. ಅಪರಿಚಿತನಿಗೂ ಅಲ್ಲಿ ಮೊದಲು ಸಿಗುವುದು ಬೆಲ್ಲ, ನೀರು. ಘಟ್ಟದ ತಪ್ಪಲಿಗೆ ಹೋಗುವವರೆಗೆ ದೊಡ್ಡ ಚಡಾವು ಇಲ್ಲ, ಚಿಕ್ಕ ಏರು ಇಳಿವುಗಳಿಗಂತೂ ಕೊನೆಯೇ ಇಲ್ಲ.

ಬಂಟ್ವಾಳವನ್ನು ಪೇಟೆ ಮಾಡಿದ್ದು ನೇತ್ರಾವತಿ. ಘಟ್ಟದ ಮೇಲಿನ ಸರಕು ಎತ್ತಿನ ಮೇಲೂ ಗಾಡಿಯ ಮೇಲೂ ಇಳಿದು ಬಂದು ಇಲ್ಲಿ ದೋಣಿ ಸೇರುತ್ತಿತ್ತು. ಮಂಗಳೂರಿನ ಉಪ್ಪು, ಒಣಮೀನು ಎದುರು ದಿಕ್ಕಿನಲ್ಲಿ ಏರುತ್ತಿದ್ದವು. 19ನೇ ಶತಮಾನದಲ್ಲಿ ಕಾಫಿಯೂ ಈ ವ್ಯಾಪಾರಕ್ಕೆ ಸೇರಿತು. ಹೊಳೆ ಕೊಟ್ಟಂತೆ ಕಿತ್ತುಕೊಂಡದ್ದೂ ಉಂಟು. 1923ರ ನೆರೆಯನ್ನು ಹಿರಿಯರು ಮಾರಿಬೊಳ್ಳ ಎಂದೇ ಕರೆದರು. 1974ರಲ್ಲಿ ಅದು ಮತ್ತೊಮ್ಮೆ ಪೇಟೆಯೊಳಗೆ ನುಗ್ಗಿತು.

ಇನ್ನು ಜೈನ ದಾರಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು, ಕಾರ್ಕಳದ ಗೊಮ್ಮಟ 1432ರದ್ದು, ವೇಣೂರಿನ 35 ಅಡಿಯ ಗೊಮ್ಮಟ ಅಜಿಲ ಅರಸು ತಿಮ್ಮಣ್ಣನಿಂದ 1604ರಲ್ಲಿ ಫಲ್ಗುಣಿ ಹೊಳೆಯ ಬದಿಯಲ್ಲಿ ನಿಂತದ್ದು. ಮೂರೂ ಊರುಗಳು ಒಂದರಿಂದ ಒಂದಕ್ಕೆ ನಡೆದುಹೋಗುವ ಯಾತ್ರಿಕನ ದಿನದ ಅಳತೆಯಲ್ಲೇ ಇವೆ. ಮೂಡುಬಿದಿರೆಯೊಂದರಲ್ಲೇ 18 ಬಸದಿಗಳು. ಸಾವಿರ ಕಂಬದ ಬಸದಿಯ ಭೈರಾದೇವಿ ಮಂಟಪದ ಬಳಿ ಬಗ್ಗಿ ಕಲ್ಲಿನ ಬುಡವನ್ನು ನೋಡಬೇಕು: ಅಲ್ಲಿ ಆಫ್ರಿಕದ ಜಿರಾಫೆಯಿದೆ, ಚೀನಾದ ಮಾದರಿಯ ಡ್ರ್ಯಾಗನ್ ಇದೆ. ಸಮುದ್ರದಾಚೆಯ ಪ್ರಾಣಿಗಳ ಸುದ್ದಿ ಬಂದರಿನಿಂದ ಈ ಒಳನಾಡಿಗೆ ಬಂದು, ಒಬ್ಬ ಶಿಲ್ಪಿಯ ಉಳಿಗೆ ಸಿಕ್ಕಿದೆ. ಅಲ್ಲಿನ ಚೌಟ ಅರಸರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಣ್ಣುಗಳು ಹೆಣೆದುಕೊಂಡು ಆನೆಯಾದ ನವನಾರೀಕುಂಜರವೂ, ಐವರು ಸೇರಿ ಕುದುರೆಯಾದ ಪಂಚನಾರೀತುರಗವೂ ಇವೆ. ಇವನ್ನು ಬಸ್ಸಿನಿಂದಿಳಿದು ಹತ್ತು ನಿಮಿಷದಲ್ಲಿ ನೋಡಿ ಮುಗಿಸುವುದು ಅನ್ಯಾಯ. ಗುರುವಾಯನಕೆರೆಯ ಜೈನ ಸ್ತಂಭದ ಕತೆ ಇನ್ನೊಂದು. 1876ರಲ್ಲಿ ಪ್ರಕಟವಾದ ತನ್ನ ಭಾರತೀಯ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಜೇಮ್ಸ್ ಫರ್ಗ್ಯುಸನ್ ಇದರ ಚಿತ್ರ ಹಾಕಿದ. ಮೂಡುಬಿದಿರೆಯ ಇಳಿಜಾರು ಮಾಡುಗಳನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದ. ಇಂದು ಗುರುವಾಯನಕೆರೆ ಬಹುಪಾಲು ಪ್ರಯಾಣಿಕರಿಗೆ ಧರ್ಮಸ್ಥಳದ ದಾರಿಯ ಒಂದು ತಿರುವು, ಅಷ್ಟೇ.

ತಿರುಗಾಟವನ್ನು ಒಂದು ವ್ಯವಸ್ಥೆಯಾಗಿ ಕಟ್ಟಿದವರು ಇಲ್ಲಿ ಯಕ್ಷಗಾನ ಮೇಳದವರು. ಮಳೆಗಾಲ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಟರೆ ಮೇ ಕೊನೆಯ ಪತ್ತನಾಜೆಯಂದು ಗೆಜ್ಜೆ ಬಿಚ್ಚುವವರೆಗೆ ದಿನಕ್ಕೊಂದು ಊರು. ಲಾರಿ ಬರುವ ಮೊದಲು ವೇಷದ ಪೆಟ್ಟಿಗೆ ತಲೆಹೊರೆಯಲ್ಲಿ ಹೋಗುತ್ತಿತ್ತು. ರಾತ್ರಿಯಿಡೀ ಕುಣಿದ ಕಲಾವಿದರು ಬೆಳಗ್ಗೆ ಮುಂದಿನ ಊರಿಗೆ ನಡೆಯುತ್ತಿದ್ದರು. ಮುಂದಿನ ಆಟ ಒಂದು ಹಗಲಿನ ನಡಿಗೆಯಾಚೆ ಇರುವಂತಿರಲಿಲ್ಲ. ಹೊರಗಿನ ಪ್ರವಾಸಿಗಳೂ ಇದೇ ಮಳೆಯಿಲ್ಲದ ತಿಂಗಳುಗಳಲ್ಲಿ ಬಂದರು: ಬುಕಾನನ್ ಬಂದದ್ದು ಫೆಬ್ರವರಿಯಲ್ಲಿ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಉಳ್ಳಾಲದ ರಾಣಿಯನ್ನು ಕಂಡದ್ದು ಡಿಸೆಂಬರಿನಲ್ಲಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಸಂಚಾರದ ಕಾಲವನ್ನು ಆಕಾಶವೇ ಗೊತ್ತುಮಾಡುತ್ತದೆ. ಸೈಕಲ್ಲಿಗೂ ನವೆಂಬರಿನಿಂದ ಫೆಬ್ರವರಿಯೇ ಸರಿಯಾದ ಸಮಯ.

ದ್ರಾಕ್ಷಾರಸದ ಜಾಗದಲ್ಲಿ ನಮ್ಮಲ್ಲಿರುವುದು ಕಳ್ಳು. ತೆಂಗು, ತಾಳೆ, ಬೈನೆ ಮರದಿಂದ ಮುಂಜಾನೆ ಇಳಿಸಿದಾಗ ಸಿಹಿಯಾಗಿದ್ದದ್ದು ಸಂಜೆಗೆ ಹುಳಿಯಾಗುತ್ತದೆ. ವೈನಿನಂತೆ ವರ್ಷಗಟ್ಟಲೆ ನೆಲಮಾಳಿಗೆಯಲ್ಲಿಟ್ಟು ದೇಶಾಂತರ ಕಳಿಸಲಾಗದು, ಕುಡಿಯುವವನೇ ಮರದ ಊರಿಗೆ ಬರಬೇಕು. ಮದರಾಸು ಸರ್ಕಾರ 1948ರಲ್ಲಿ ಪಾನನಿಷೇಧ ವಿಸ್ತರಿಸಿದಾಗ ಕಳ್ಳು ಇಳಿಸುವ ಮೂರ್ತೆದಾರರ ಬದುಕಿಗೆ ಹೊಡೆತ ಬಿತ್ತು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕರಾವಳಿಯ ಕಳ್ಳು ಉಳಿದುಕೊಂಡಿತು. ಹಾಗೆಂದು ಕಳ್ಳನ್ನು ಪ್ರವಾಸದ ಆಕರ್ಷಣೆಯಾಗಿ ಮಾರಬೇಕೆಂಬ ಮಾತಿಗೆ ನಾನು ಸುಲಭವಾಗಿ ಒಪ್ಪಲಾರೆ. ಕಳ್ಳು ಇಳಿಸುವುದು ಬಹುಮಟ್ಟಿಗೆ ಬಿಲ್ಲವರ ಹೆಗಲ ಮೇಲಿದ್ದ ಕಸುಬು. ಮರದಿಂದ ಬಿದ್ದು ಸತ್ತವರ, ನಡು ಮುರಿದುಕೊಂಡವರ ಮನೆಗಳು ಈ ಮೂರೂ ತಾಲೂಕುಗಳಲ್ಲಿವೆ. 1912ರಲ್ಲಿ ಕುದ್ರೋಳಿಯ ದೇವಾಲಯವನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಕಳ್ಳು ಇಳಿಸಬೇಡಿ, ಮಾರಬೇಡಿ, ಕುಡಿಯಬೇಡಿ ಎಂದು ಬೋಧಿಸಿದವರು. ಈ ಚರಿತ್ರೆಯನ್ನು ಬಿಟ್ಟು ಬರಿಯ ರುಚಿಯ ಮಾತಾಡುವುದು ತಪ್ಪು.

ಸೈಕಲ್ ಈ ಸೀಮೆಗೆ ದುಡಿಮೆಯ ವಾಹನವಾಗಿಯೇ ಬಂತು. ಸ್ವಾತಂತ್ರ್ಯಾನಂತರ ಮದರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಶುರುವಾದ ಮೇಲೆ ಅದು ಸಾಮಾನ್ಯರ ಕೈಗೆ ಎಟುಕಿತು. ಅಂಚೆಯವರು, ಶಾಲಾ ಮಾಸ್ತರರು, ಬೀಡಿ ಬ್ರಾಂಚಿಗೆ ಎಲೆ ಹೊಗೆಸೊಪ್ಪು ಸಾಗಿಸುವವರು ಇದನ್ನು ನಂಬಿದರು. ಎಲ್ಲರಿಗಿಂತ ಹೆಚ್ಚು ದಾರಿ ಬಲ್ಲವರು ಮೀನಿನವರು. ಅವರ ಸೈಕಲ್ಲಿಗೆ ಹಿಂದೆ ಅಗಲದ ಕ್ಯಾರಿಯರ್, ಅದರ ಮೇಲೆ ಹಳೇ ಟ್ಯೂಬಿನಿಂದ ಬಿಗಿದ ಬುಟ್ಟಿ, ಹ್ಯಾಂಡಲಿಗೆ ಒತ್ತಿದರೆ ಪೊಂಯ್ ಎನ್ನುವ ರಬ್ಬರ್ ಹಾರ್ನ್. ಏರು ಬಂದಾಗ ಇಳಿದು, ಒಂದು ಕೈ ಹ್ಯಾಂಡಲಿನಲ್ಲಿ, ಇನ್ನೊಂದು ಕೈ ಸೀಟಿನ ಹಿಂದೆ ಕೊಟ್ಟು ದೂಡುತ್ತಾರೆ. ಹಾರ್ನಿನ ಸದ್ದು ಕೇಳಿಯೇ ಹೆಂಗಸರು ತಟ್ಟೆ ಹಿಡಿದು ರಸ್ತೆಗೆ ಬರುತ್ತಾರೆ. ಬಾಡಿಗೆ ಸೈಕಲ್ ಅಂಗಡಿಗಳು ಗಂಟೆ ಲೆಕ್ಕದಲ್ಲಿ ಸೈಕಲ್ ಕೊಟ್ಟು ಒಂದು ತಲೆಮಾರಿಗೆ ಸವಾರಿ ಕಲಿಸಿದವು. ಸೀಟಿಗೆ ಏರಲಾಗದ ಮಕ್ಕಳು ಬಾರಿನ ಕೆಳಗೆ ಕಾಲು ತೂರಿಸಿ ತುಳಿದರು. 2006ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಹಳ್ಳಿಯ ಹುಡುಗಿಯರೂ ಈ ಚರಿತ್ರೆಯೊಳಗೆ ಬಂದರು.

ಫ್ರಾನ್ಸಿಗೂ ನಮಗೂ ಇರುವ ವ್ಯತ್ಯಾಸದ ಬೇರು ಇಲ್ಲಿದೆ. ಅಲ್ಲಿ ಕೂಲಿಯವನಿಗೆ ರಜೆ ಸಿಕ್ಕಿದಾಗ ಸೈಕಲ್ ವಿಹಾರದ ಸಾಧನವಾಯಿತು. ಇಲ್ಲಿ ಕೈಗೆ ನಾಲ್ಕು ಕಾಸು ಬರುತ್ತಲೇ ಸೈಕಲ್ ಬಿಟ್ಟು ಮೊಪೆಡ್ ಹತ್ತುವುದು ಏಳಿಗೆಯ ಗುರುತಾಯಿತು. ಬಡತನದ ನೆನಪು ಅಂಟಿದ ವಾಹನವನ್ನು ಸಂತೋಷಕ್ಕಾಗಿ ತುಳಿಯುವುದು ಹಿಂದಿನ ತಲೆಮಾರಿಗೆ ಹಿಡಿಸದಿದ್ದುದು ಸಹಜ. ಈಗ ಭಾನುವಾರ ಬೆಳಗ್ಗೆ ಹೆಲ್ಮೆಟ್ ತೊಟ್ಟು ಹೊರಡುವ ಯುವಕರು ಹೆಚ್ಚಾಗಿ ಹೆದ್ದಾರಿ ಹಿಡಿಯುತ್ತಾರೆ. ಆ ಹೆದ್ದಾರಿಗಳೇ ಅಗಲವಾಗುತ್ತಿವೆ. ಮೂಡುಬಿದಿರೆಯ ಮೂಲಕ ಹೋಗುವ 169, ಬೆಳ್ತಂಗಡಿಯ ಮೂಲಕ ಚಾರ್ಮಾಡಿ ಹತ್ತುವ 73, ಎರಡರಲ್ಲೂ ಗುಡ್ಡ ಸೀಳಿ, ಸಾಲುಮರ ಕಡಿದು ಕೆಲಸ ನಡೆದಿದೆ. ರಸ್ತೆ ಬೇಡವೆನ್ನಲಾರೆ, ರೋಗಿಯನ್ನು ಮಂಗಳೂರಿಗೆ ಒಯ್ಯುವ ಆಂಬುಲೆನ್ಸಿಗೆ ಅದು ಬೇಕು. ಆದರೆ ಅಗಲೀಕರಣ ಮುಗಿದ ಮೇಲೆ ಪಕ್ಕಕ್ಕೆ ಉಳಿಯುವ ಹಳೇ ರಸ್ತೆಯ ತುಂಡುಗಳು, ಬೈಲಿನಂಚಿನ ಪಂಚಾಯತು ರಸ್ತೆಗಳು, ಸಿದ್ದಕಟ್ಟೆ, ವೇಣೂರಿನ ಒಳದಾರಿಗಳು ಒತ್ತುವರಿಯಾಗದೆ ಉಳಿಯಬೇಕು. ಅವುಗಳ ನಕ್ಷೆ ಮಾಡುವುದಕ್ಕೆ ಕೋಟಿ ರೂಪಾಯಿ ಬೇಕಿಲ್ಲ, ಪ್ರತಿ ಗ್ರಾಮಸಭೆಯ ಒಂದು ನಿರ್ಣಯ ಸಾಕು.

ಓದುಗರಲ್ಲಿ ಒಂದು ವಿನಂತಿ. ಹಳೆಯ ಸೈಕಲ್ ಅಂಗಡಿಯ ಬಾಡಿಗೆ ಪುಸ್ತಕ, ಪಂಚಾಯತಿನ ಸೈಕಲ್ ಬಿಲ್ಲೆ, ಮೇಳದ ತಿರುಗಾಟದ ಪಟ್ಟಿ, ಬಂಟ್ವಾಳದ ದೋಣಿ ವ್ಯಾಪಾರದ ಲೆಕ್ಕಪತ್ರ ನಿಮ್ಮ ಅಟ್ಟದಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ನಮ್ಮ ಸೀಮೆಯಲ್ಲೇ ಇವೆ. ಅಲ್ಲಿಗೆ ಮುಟ್ಟಿಸಿ.