ಕ್ಯೂಬ್ರಿಕ್ ಕಾಲದ ಕನ್ನಡ ಪುಟ

2007ರಲ್ಲಿ ಪುಣೆಯ ನಮ್ಮ ಕನ್ನಡ ಸಂಘಕ್ಕೆ ಆಗಲೇ ಒಂದು ವೆಬ್‌ಸೈಟ್ ಇತ್ತು. ನಿವೃತ್ತ ಇಂಜಿನಿಯರ್ ಒಬ್ಬರು ಫ್ರಂಟ್‌ಪೇಜ್‌ನಲ್ಲಿ ಕೂತು ಮಾಡಿದ್ದು. ಅರಿಶಿನದ ಹಿನ್ನೆಲೆ, ಕುಂಕುಮದ ಅಂಚು, ಮೇಲುಗಡೆ ನುಡಿ ಅಕ್ಷರಗಳಲ್ಲಿ ಸಂಘದ ಹೆಸರು. ಆ ಹೆಸರು ಚಿತ್ರವೇ ಹೊರತು ಪಠ್ಯವಲ್ಲ. ಓದುವವರ ಪರದೆಯ ಮೇಲೆ ಕನ್ನಡ ಮೂಡೀತೋ ಖಾಲಿ ಚೌಕಗಳು ಮೂಡಾವೋ ಹೇಳಲಾಗದ ದಿನಗಳಲ್ಲಿ ಅದಕ್ಕಿಂತ ಭದ್ರವಾದ ಉಪಾಯವಿರಲಿಲ್ಲ. ಕಾರ್ಯಕ್ರಮಗಳ ವರದಿ ಹಾಕಲು ಬ್ಲಾಗ್ ಬೇಕೆಂದು ನಾವು ಹುಡುಗರು ಹಟ ಹಿಡಿದೆವು. ಅವರು ಒಪ್ಪಿದರು. ಷರತ್ತು ಒಂದೇ: "ನೋಡೋರಿಗೆ ಬೇರೆ ಯಾರದೋ ಮನೆಗೆ ಬಂದೆ ಅನ್ನಿಸಬಾರದಪ್ಪ."

ಎರಡು ದಿನದ ಕೆಲಸ ಎಂದುಕೊಂಡಿದ್ದೆ. ಇರುವ ಸೈಟಿಗೆ ಹೊಂದುವ ಬ್ಲಾಗ್ ಥೀಮ್ ಆರಿಸುವ ಈ ಕೆಲಸಕ್ಕೆ ಒಂದು ಚರಿತ್ರೆಯಿದೆ ಎಂದು ಆಗ ಗೊತ್ತಿರಲಿಲ್ಲ.

ಮೊದಮೊದಲು ಇದು ಸಮಸ್ಯೆಯೇ ಆಗಿರಲಿಲ್ಲ. 1999ರಲ್ಲಿ ಪೈರಾ ಲ್ಯಾಬ್ಸ್ ಎಂಬ ಸಣ್ಣ ಕಂಪನಿ ಬ್ಲಾಗರ್ ಶುರು ಮಾಡಿದಾಗ ಟೆಂಪ್ಲೇಟ್ ಎಂದರೆ ಇಡೀ ಒಂದು ಎಚ್‌ಟಿಎಂಎಲ್ ಪುಟ. ನಿಮ್ಮ ಸೈಟಿನ ಪುಟವನ್ನೇ ತಂದು, ಬರಹ ಬರಬೇಕಾದ ಜಾಗದಲ್ಲಿ ಬ್ಲಾಗರ್‌ನ ಗುರುತುಗಳನ್ನು ಇಟ್ಟರಾಯಿತು. ಅದು ಪುಟಗಳನ್ನು ತಯಾರಿಸಿ ಎಫ್‌ಟಿಪಿ ಮೂಲಕ ನಿಮ್ಮದೇ ಸರ್ವರಿಗೆ ಕಳಿಸುತ್ತಿತ್ತು. ಸೈಟಿನ ಬಟ್ಟೆಯಿಂದಲೇ ಬ್ಲಾಗಿಗೂ ಅಂಗಿ ಹೊಲಿದಂತೆ. 1996ರ 'ವಿಶ್ವಕನ್ನಡ'ದಿಂದ ಹಿಡಿದು ಕನ್ನಡದ ಆರಂಭದ ತಾಣಗಳನ್ನು ಕಟ್ಟಿದವರಿಗೆ ಇಂಥ ಕೈಕೆಲಸ ಹೊಸದೇನಲ್ಲ.

ಆದರೆ ಎಚ್‌ಟಿಎಂಎಲ್ ಬಾರದವರೂ ಬರೆಯತೊಡಗಿದರು. ಅವರಿಗೆ ಸಿದ್ಧ ಉಡುಪು ಬೇಕಿತ್ತು. 2003ರಲ್ಲಿ ಬ್ಲಾಗರನ್ನು ಕೊಂಡ ಗೂಗಲ್ ಮರುವರ್ಷ ಡಗ್ಲಸ್ ಬೋಮನ್, ಡ್ಯಾನ್ ಸೀಡರ್‌ಹೋಮ್, ಜೆಫ್ರಿ ಜೆಲ್ಡ್‌ಮನ್‌ರಂಥ ಹೆಸರಾಂತ ವಿನ್ಯಾಸಕಾರರಿಂದ ಟೆಂಪ್ಲೇಟ್‌ಗಳನ್ನು ಮಾಡಿಸಿತು. ಬೋಮನ್‌ರ 'ಮಿನಿಮಾ' ನಿಮ್ಮಲ್ಲಿ ಅನೇಕರ ಮೊದಲ ಬ್ಲಾಗಿನ ಮುಖವೂ ಆಗಿದ್ದೀತು. ಚೆಂದದ ಕೆಲಸವೇ. ಆದರೆ ಆ ಚೆಂದವನ್ನು ನಿಮ್ಮ ಹಳೆಯ ಸೈಟನ್ನು ನೋಡಿ ಯಾರೂ ಹೊಲಿದಿರಲಿಲ್ಲ.

2005ರ ಫೆಬ್ರವರಿಯಲ್ಲಿ ವರ್ಡ್‌ಪ್ರೆಸ್ 1.5 ಬಂತು. ವರ್ಡ್‌ಪ್ರೆಸ್ಸಿಗೆ 'ಥೀಮ್' ಎಂಬ ಏರ್ಪಾಡು ಬಂದದ್ದು ಅದರೊಂದಿಗೆ. ಪುಟದ ತಲೆ, ಕಾಲು, ಪಕ್ಕದ ಪಟ್ಟಿ ಎಲ್ಲ ಬೇರೆ ಬೇರೆ ಕಡತಗಳಾದವು. ಅದರ ಮೂಲ ಥೀಮ್ ಆಗಿ ಬಂದದ್ದು ಡೆನ್ಮಾರ್ಕಿನ ಮೈಕೆಲ್ ಹೈಲೆಮಾನ್ ರಚಿಸಿದ 'ಕ್ಯೂಬ್ರಿಕ್'. ಮೂಲೆಗಳು ದುಂಡಗಾದ ನೀಲಿ ಫಲಕ, ಕೆಳಗೆ ಬಿಳಿ ಹಾಳೆ. ಐದು ವರ್ಷ ಜಗತ್ತಿನ ಬ್ಲಾಗುಗಳ ಮುಖ ಅದೇ. ಇವತ್ತು ನೋಡಿದರೆ ಹಳೇ ಬಸ್ ಟಿಕೆಟ್ ಸಿಕ್ಕಿದಂತಾಗುತ್ತದೆ.

ಸಂಘದ ಸರ್ವರಿನಲ್ಲಿ ವರ್ಡ್‌ಪ್ರೆಸ್ ಹಾಕಿದಾಗ ನನಗೂ ಸಿಕ್ಕಿದ್ದು ಅದೇ ಕ್ಯೂಬ್ರಿಕ್. ನೀಲಿಯ ಬದಲು ಅರಿಶಿನ ಹಾಕೋಣ ಎಂದು ಒಳಗೆ ಹೋದರೆ, ಅಲ್ಲಿನ ಬಣ್ಣವೂ ಚಿತ್ರ, ಹಾಳೆಯ ಅಂಚೂ ಚಿತ್ರ, ಪಕ್ಕದ ಕಂಬವೂ ಚಿತ್ರ. ಪುಟದ ಅಗಲ 760 ಪಿಕ್ಸೆಲ್, ಮುಖ್ಯ ಕಂಬ 450. ಅಗಲ ಬದಲಿಸಿದರೆ ಆ ಚಿತ್ರಗಳನ್ನೂ ಹೊಸದಾಗಿ ಬರೆಯಬೇಕು. ಪ್ರತಿ ರಾತ್ರಿ ಆಫೀಸಿನಿಂದ ಬಂದು ಅದನ್ನೇ ಮಾಡಿದೆ. ಒಂದು ವಾರದಲ್ಲಿ ಬಣ್ಣವೇನೋ ಹೊಂದಿತು.

ಹೊಂದದೆ ಉಳಿದದ್ದು ಕನ್ನಡ. ಕ್ಯೂಬ್ರಿಕ್ ಹೆಸರಿಸುವ ಫಾಂಟುಗಳು ಲುಸಿಡಾ ಗ್ರಾಂಡೆ, ವರ್ಡಾನಾ, ಟ್ರೆಬುಶೆ, ಒಂದರಲ್ಲೂ ಕನ್ನಡವಿಲ್ಲ. ಹಾಗಾಗಿ ವಿಂಡೋಸ್ ತನ್ನ 'ತುಂಗಾ' ಫಾಂಟನ್ನು ತಂದು ನಿಲ್ಲಿಸುತ್ತಿತ್ತು. ಅದೂ ಎಕ್ಸ್‌ಪಿಯಲ್ಲಿ ಭಾರತೀಯ ಭಾಷೆಗಳ ಸೌಲಭ್ಯವನ್ನು ಬೇರೆಯಾಗಿ ಹಾಕಿಕೊಂಡಿದ್ದರೆ. ಇಂಗ್ಲಿಷಿಗೆಂದು ಅಳೆದ ಗಾತ್ರದಲ್ಲಿ ತುಂಗಾ ಇರುವೆಯ ಸಾಲಿನಂತೆ ಕಾಣುತ್ತಿತ್ತು. ಸಾಲುಗಳ ಅಂತರ ಅಕ್ಷರದ ಗಾತ್ರದ 1.4 ಪಟ್ಟು. ಇಂಗ್ಲಿಷಿಗೆ ಧಾರಾಳ, ಆದರೆ ನಮ್ಮ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ತಲೆ ಮೇಲೆ ಕೂರುತ್ತಿತ್ತು. ಸಾಲದ್ದಕ್ಕೆ ಎರಡೂ ಅಂಚು ಸಮ ಮಾಡುವ ಅಪ್ಪಣೆ ಬೇರೆ. 'ನಡೆಸಿಕೊಡಲಾಗುತ್ತದೆಂದು' ಎಂಬಂಥ ಪದ 450 ಪಿಕ್ಸೆಲಿನ ಕಂಬದಲ್ಲಿ ಬಂದರೆ ಸಾಲಿಗೆ ಮೂರೇ ಪದ, ನಡುವೆ ಹಲ್ಲು ಬಿದ್ದಂತೆ ಖಾಲಿ ಜಾಗ.

ಹಿರಿಯರ ಹಳೆಯ ಪುಟದಲ್ಲಿ ಈ ಒಂದು ತೊಂದರೆಯೂ ಇರಲಿಲ್ಲ. ಅವರು ಸಾಲುಗಳನ್ನು ಬಿಡಿಸಿ, ಅಕ್ಷರ ದೊಡ್ಡದು ಮಾಡಿ, ಎಡಕ್ಕಷ್ಟೇ ಒತ್ತರಿಸಿದ್ದರು. ನಮಗೆ ಅದು ಹಳ್ಳಿ ಹೋಟೆಲಿನ ಬೋರ್ಡಿನಂತೆ ಕಂಡಿತ್ತು. ಅವರು ಕನ್ನಡವನ್ನು ಅಳೆದು ಪುಟ ಕಟ್ಟಿದ್ದರು, ನಾವು ಬಣ್ಣವನ್ನಷ್ಟೇ ಹೊಂದಿಸಿದ್ದೆವು. ಥೀಮ್ ಆರಿಸುವಾಗ ಎಲ್ಲರೂ ಮೊದಲು ನೋಡುವುದು ಬಣ್ಣವನ್ನೇ. ನನ್ನ ಪ್ರಕಾರ ಕೊನೆಗೆ ನೋಡಬೇಕಾದದ್ದು ಅದು.

2010ರ ಜೂನಿನಲ್ಲಿ ವರ್ಡ್‌ಪ್ರೆಸ್ 3.0 ಬಂದಾಗ ಕ್ಯೂಬ್ರಿಕ್ ಜಾಗಕ್ಕೆ 'ಟ್ವೆಂಟಿ ಟೆನ್' ಬಂತು. ಮೂಲ ಥೀಮನ್ನು ಮುಟ್ಟದೆ ಅದರ ಮೇಲೊಂದು 'ಚೈಲ್ಡ್ ಥೀಮ್' ಹೊದಿಸುವ ಪದ್ಧತಿ ಬಳಕೆಗೆ ಬಂದು ಹೊಂದಿಸುವ ಕೆಲಸ ಬಹಳ ಹಗುರಾಯಿತು. ಅದೇ ವರ್ಷ ಬ್ಲಾಗರ್ ತನ್ನ ಎಫ್‌ಟಿಪಿ ಸೌಲಭ್ಯವನ್ನು ನಿಲ್ಲಿಸಿತು. ಸೈಟಿನ ಬಟ್ಟೆಯಿಂದಲೇ ಹೊಲಿಯುವ ಹಳೆಯ ದಾರಿ ಅಲ್ಲಿಗೆ ಮುಚ್ಚಿತು. ಅಷ್ಟರಲ್ಲಿ ವರ್ಡ್‌ಪ್ರೆಸ್ ಬರೀ ಬ್ಲಾಗಿಗೆ ಮಾತ್ರವಲ್ಲ, ಇಡೀ ಸೈಟಿಗೇ ಸಾಕೆನಿಸುವಷ್ಟು ಬೆಳೆದಿತ್ತು. ಪ್ರಶ್ನೆ ತಿರುಗಿ ನಿಂತಿತು: ಸೈಟಿಗೆ ಬ್ಲಾಗನ್ನು ಯಾಕೆ ಹೊಂದಿಸಬೇಕು, ಸೈಟನ್ನೇ ಬ್ಲಾಗಿನೊಳಗೆ ತಂದರಾಯಿತಲ್ಲ?

ನಮ್ಮ ಸಮಿತಿಯೂ ಹಾಗೇ ನಿರ್ಧರಿಸಿತು. ಹಳೆಯ ಪುಟಗಳನ್ನು ಅಳಿಸಿದ್ದು ನಾನೇ. ವರದಿಗಳನ್ನು ನಕಲು ಮಾಡಿಕೊಂಡೆ. ಫೋಟೋಗಳನ್ನು ಆಮೇಲೆ ತಂದರಾಯಿತು ಅಂದುಕೊಂಡೆ, ತರಲಿಲ್ಲ. ಹಿರಿಯರು ಏನೂ ಅನ್ನಲಿಲ್ಲ. ಹೊಸ ಸೈಟ್ ತೆರೆದು ಸ್ವಲ್ಪ ಹೊತ್ತು ನೋಡಿ, "ಅಕ್ಷರ ಸ್ವಲ್ಪ ದೊಡ್ಡದು ಮಾಡಪ್ಪ, ಕಾಣಲ್ಲ" ಅಂದರು.

ಕಳೆದ ತಿಂಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ವಿಳಾಸ ಹಾಕಿ ನೋಡಿದೆ. 2006ರ ಒಂದು ಪ್ರತಿ ಸಿಕ್ಕಿತು. ಅರಿಶಿನ ಹಾಗೇ ಇದೆ, ಕುಂಕುಮದ ಅಂಚೂ ಇದೆ. ಚಿತ್ರಗಳು ಉಳಿದಿಲ್ಲ. ಮೇಲುಗಡೆ, ಸಂಘದ ಹೆಸರಿದ್ದ ಜಾಗದಲ್ಲಿ, ಒಂದು ಖಾಲಿ ಚೌಕ.