ತೆರೆಗೆ ಬಾರದ ದೃಶ್ಯಗಳ ಪುಸ್ತಕ

ಕಾದಂಬರಿ ಸಿನಿಮಾ ಆಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಸಿನಿಮಾವೇ ಕಾದಂಬರಿಯಾದರೆ? ಕಥೆ ಗೊತ್ತು, ಕೊನೆ ಗೊತ್ತು, ನಾಯಕನ ಮುಖವೂ ಗೊತ್ತು. ಆದರೂ ಅದನ್ನು ಕೊಂಡು, ಮತ್ತೆ ಮತ್ತೆ ಓದಿ, ಜೋಪಾನವಾಗಿ ಇಟ್ಟುಕೊಳ್ಳುವ ಅಭಿಮಾನಿಗಳಿದ್ದಾರೆ. ಅಮೆರಿಕದ ವೈಜ್ಞಾನಿಕ ಚಿತ್ರ ‘ಸ್ಟಾರ್ ವಾರ್ಸ್’ನ ಕಾದಂಬರಿ ಇದಕ್ಕೆ ಒಳ್ಳೆಯ ಉದಾಹರಣೆ.

ಚಿತ್ರ ಬಿಡುಗಡೆಯಾದದ್ದು 1977ರ ಮೇ 25ರಂದು. ಪುಸ್ತಕ ಅದಕ್ಕೂ ಆರು ತಿಂಗಳು ಮೊದಲೇ, 1976ರ ನವೆಂಬರ್‌ನಲ್ಲಿ ಬ್ಯಾಲಂಟೈನ್ ಸಂಸ್ಥೆಯಿಂದ ಹೊರಬಂದಿತ್ತು. ಮುಖಪುಟದಲ್ಲಿದ್ದ ಹೆಸರು ನಿರ್ದೇಶಕ ಜಾರ್ಜ್ ಲೂಕಸ್ ಅವರದು. ನಿಜಕ್ಕೂ ಬರೆದವರು ಅಲನ್ ಡೀನ್ ಫಾಸ್ಟರ್ ಎಂಬ ಯುವ ಲೇಖಕ.

ಇಂಥ ಪುಸ್ತಕಗಳು ಚಿತ್ರದ ಬಿಡುಗಡೆಯ ಹೊತ್ತಿಗೆ ಅಂಗಡಿಯಲ್ಲಿರಬೇಕು. ಹಾಗಾಗಿ ಲೇಖಕನಿಗೆ ಸಿದ್ಧವಾದ ಚಿತ್ರವನ್ನು ನೋಡಿ ಬರೆಯುವಷ್ಟು ಪುರುಸೊತ್ತು ಇರುವುದಿಲ್ಲ. ಚಿತ್ರಕಥೆಯ ಪ್ರತಿಯೇ ಆಧಾರ. ಆಮೇಲೆ ಸಂಕಲನಕಾರರು ಏನನ್ನು ಕತ್ತರಿಸಿದರೂ ಪುಸ್ತಕ ಅಚ್ಚಾಗಿಬಿಟ್ಟಿರುತ್ತದೆ. ಅಭಿಮಾನಿಗಳನ್ನು ಸೆಳೆಯುವ ಗುಟ್ಟು ಇರುವುದು ಇಲ್ಲಿಯೇ.

ನಾಯಕ ಲ್ಯೂಕ್‌ನ ಬಾಲ್ಯದ ಗೆಳೆಯ ಬಿಗ್ಸ್. ತಾನು ಬಂಡಾಯಗಾರರ ಪಕ್ಷ ಸೇರುವುದಾಗಿ ಅವನು ಗೆಳೆಯನಿಗೆ ಗುಟ್ಟಾಗಿ ಹೇಳುವ ಭಾಗ ಪುಸ್ತಕದಲ್ಲಿದೆ, ಚಿತ್ರದಲ್ಲಿಲ್ಲ. ಕೊನೆಯ ಯುದ್ಧದಲ್ಲಿ ಬಿಗ್ಸ್ ಸತ್ತಾಗ ಪ್ರೇಕ್ಷಕನಿಗೆ ಅವನು ಯಾರೋ ಒಬ್ಬ ಚಾಲಕ. ಓದುಗನಿಗೆ ಮಾತ್ರ ಲ್ಯೂಕ್‌ನ ಸಂಕಟ ಪೂರ್ತಿ ತಿಳಿಯುತ್ತದೆ. ಚಿತ್ರದಲ್ಲಿ ಲ್ಯೂಕ್ ‘ಕೆಂಪು’ ತುಕಡಿಯವನು, ಪುಸ್ತಕದಲ್ಲಿ ‘ನೀಲಿ’ ತುಕಡಿಯವನು. ವಿಶೇಷ ದೃಶ್ಯಗಳನ್ನು ನೀಲಿ ಪರದೆಯ ಮುಂದೆ ಚಿತ್ರಿಸಬೇಕಾಗಿದ್ದರಿಂದ ಬಣ್ಣ ಬದಲಾಯಿತು. ಚಕ್ರವರ್ತಿಯ ಹೆಸರು ಪಾಲ್ಪಟೀನ್ ಎಂಬುದನ್ನು ಓದುಗರು 1976ರಲ್ಲೇ ತಿಳಿದರು. ತೆರೆಯ ಮೇಲೆ ಆ ಹೆಸರು ಕೇಳಿಬಂದದ್ದು 1999ರಲ್ಲಿ. ಕಳ್ಳಸಾಗಣೆದಾರರ ಒಡೆಯ ಜಬ್ಬಾನ ದೃಶ್ಯವಂತೂ ಚಿತ್ರೀಕರಣವಾಗಿಯೂ ಕತ್ತರಿಗೆ ಸಿಕ್ಕಿ, 1997ರಲ್ಲಿ ಕಂಪ್ಯೂಟರ್ ನೆರವಿನಿಂದ ಮರಳಿ ಬಂತು.

ಕಾಲವೂ ಪುಸ್ತಕಕ್ಕೆ ಒದಗಿಬಂತು. ‘ಸ್ಟಾರ್ ವಾರ್ಸ್’ನ ವಿಡಿಯೊ ಕ್ಯಾಸೆಟ್ ಅಮೆರಿಕದಲ್ಲಿ ಬಂದದ್ದು 1982ರಲ್ಲಿ. ಅಲ್ಲಿಯತನಕ ಚಿತ್ರಮಂದಿರದಿಂದ ಚಿತ್ರ ಹೊರಟುಹೋದರೆ ಕಥೆಯನ್ನು ಮತ್ತೆ ಅನುಭವಿಸಲು ಪುಸ್ತಕ, ಚಿತ್ರಕಥಾ ಪತ್ರಿಕೆ, ಧ್ವನಿಮುದ್ರಿಕೆಗಳೇ ಗತಿ.

ಫಾಸ್ಟರ್ ಅವರೇ 1979ರಲ್ಲಿ ‘ಏಲಿಯನ್’ ಚಿತ್ರವನ್ನೂ ಕಾದಂಬರಿಯಾಗಿಸಿದರು. ಅನ್ಯಗ್ರಹದ ಆ ಜೀವಿ ಹೇಗಿದೆ ಎಂದು ಅವರಿಗೆ ತೋರಿಸಿರಲೇ ಇಲ್ಲ. ಅದರ ಸ್ಪಷ್ಟ ವರ್ಣನೆ ಇಲ್ಲದೆಯೇ ಅವರು ಭಯ ಹುಟ್ಟಿಸಬೇಕಾಯಿತು.

ಇಷ್ಟೆಲ್ಲ ಓದಿಸಿಕೊಂಡ ಬರಹಕ್ಕೆ ಸಿಗಬೇಕಾದ ಮನ್ನಣೆ ಸುಲಭವಾಗಿ ಸಿಗಲಿಲ್ಲ. ಚಿತ್ರಗಳ ಹಕ್ಕು ಡಿಸ್ನಿ ಸಂಸ್ಥೆಯ ಪಾಲಾದ ಮೇಲೆ ಈ ಪುಸ್ತಕಗಳ ರಾಯಲ್ಟಿ ಬರುತ್ತಿಲ್ಲ ಎಂದು ಫಾಸ್ಟರ್ ದೂರಿದರು. 2020ರ ನವೆಂಬರ್‌ನಲ್ಲಿ ಅಮೆರಿಕದ ವೈಜ್ಞಾನಿಕ ಕಥಾ ಲೇಖಕರ ಸಂಘ ಬಹಿರಂಗವಾಗಿ ಅವರ ಬೆಂಬಲಕ್ಕೆ ನಿಂತಿತು. 2021ರಲ್ಲಿ ವಿವಾದ ಬಗೆಹರಿಯಿತು.

ಲೂಕಸ್ ತಮ್ಮ ಚಿತ್ರವನ್ನು 1997ರಲ್ಲಿ ತಿದ್ದಿದರು, 2004ರಲ್ಲಿ ಮತ್ತೆ ತಿದ್ದಿದರು. ಆದರೆ ತೆರೆ ಕಾಣುವ ಮೊದಲು ಆ ಕಥೆ ಹೇಗಿತ್ತು ಎಂಬುದನ್ನು ಪುಸ್ತಕ ಉಳಿಸಿಕೊಂಡಿದೆ. ಹೊರಗಿನವರಿಗೆ ತಪ್ಪುಗಳಂತೆ ಕಾಣುವ ಆ ವ್ಯತ್ಯಾಸಗಳೇ ಅಭಿಮಾನಿಗಳ ಪಾಲಿಗೆ ನಿಧಿ.